ಮನೆಯ ಸಣ್ಣಪುಟ್ಟ ಕೆಲಸಕ್ಕೆ ರೋಟರಿ ಟೂಲ್ ಕೊಳ್ಳುವುದು ಸಾರ್ಥಕವೇ?

ಪ್ರಶ್ನೆ (ಮೈಸೂರಿನಿಂದ)

ನಮಸ್ಕಾರ. ನಮ್ಮದು ಹಳೆಯ ಸ್ವಂತ ಮನೆಯಾದ್ದರಿಂದ ರಿಪೇರಿ ಎಂಬುದು ಮುಗಿಯದ ಕೆಲಸ. 13 ಮಿ.ಮೀ. ಇಂಪ್ಯಾಕ್ಟ್ ಡ್ರಿಲ್, ಹ್ಯಾಕ್ಸಾ, ಅರ, ಉಳಿ ಹಾಗೂ ಒಂದು ಸೆಟ್ ಸ್ಪ್ಯಾನರ್ ನನ್ನ ಬಳಿ ಇವೆ. ಆದರೂ ಕೆಲವು ಕಡೆ ಕೈ ಕಟ್ಟಿಹೋಗುತ್ತದೆ. ಬಾಗಿಲಿನ ಹಿಂಜಿನ ಸ್ಕ್ರೂ ತಲೆ ಸವೆದು ಬರಲೊಲ್ಲದು, ವಾಶ್‌ಬೇಸಿನ್ ಕೆಳಗಿನ ನಟ್ಟು ತುಕ್ಕು ಹಿಡಿದು ಕೂತಿದೆ, ಬಚ್ಚಲುಮನೆಯ ಟೈಲ್ಸ್ ಸಂದಿಯ ಕಪ್ಪಾದ ಗ್ರೌಟ್ ಕೆರೆಯಬೇಕಿದೆ. ಇವುಗಳ ಜೊತೆಗೆ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯಲೂ ಆಗುತ್ತದೆಯೇ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ವೇಗವಾಗಿ ತಿರುಗುವ ತುದಿಗೆ ಬೇರೆ ಬೇರೆ ಬಿಟ್ ಹಾಕಿ ಕತ್ತರಿಸುವ, ಕೆರೆಯುವ, ನೂರಾರು ಬಿಟ್‌ಗಳೊಂದಿಗೆ ಬರುವ ಸಣ್ಣ ರೋಟರಿ ಟೂಲ್ ಇವೆಲ್ಲಕ್ಕೂ ಆದೀತೇ, ಅಥವಾ ನಾಲ್ಕು ದಿನದ ಉತ್ಸಾಹ ಇಳಿದ ಮೇಲೆ ಅಟ್ಟ ಸೇರುವ ವಸ್ತುವೇ? ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಪಟ್ಟಿಯ ಮೊದಲ ಎರಡು ಕೆಲಸಗಳಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ, ಮೂರನೆಯದಕ್ಕೆ ನಡೆದೀತು, ನಾಲ್ಕನೆಯದಕ್ಕೆ ಬೇಡ.

ಇದು ಪುಟ್ಟ ಡ್ರಿಲ್ ಎಂದು ತಿಳಿದು ಕೊಂಡವರೇ ನಿರಾಶರಾಗುವುದು. ಮನೆಬಳಕೆಯ ಡ್ರಿಲ್ 600 ವ್ಯಾಟ್‌ನ ಆಸುಪಾಸಿನಲ್ಲಿದ್ದು ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಡ್ರೆಮೆಲ್ 3000ದಂಥ ರೋಟರಿ ಟೂಲ್‌ನದು 130 ವ್ಯಾಟ್, ವೇಗ 33,000 ಸುತ್ತಿನವರೆಗೆ. ಶಕ್ತಿ ಕಡಿಮೆ, ವೇಗ ಹತ್ತು ಪಟ್ಟಿಗೂ ಹೆಚ್ಚು. ಲೆಕ್ಕ ಹಾಕಿದರೆ ತಿರುಚುವ ಬಲ ಡ್ರಿಲ್‌ನ ಸುಮಾರು ಐವತ್ತರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಆದ್ದರಿಂದ ಕಾಂಕ್ರೀಟ್ ಗೋಡೆಯಲ್ಲಿ ಸ್ಕ್ರೂ ಹಿಡಿಸುವ ರಾಲ್‌ಪ್ಲಗ್‌ಗೆ ತೂತು ಕೊರೆಯುವ ಆಸೆಯನ್ನು ಇದರ ಮೇಲೆ ಇಟ್ಟುಕೊಳ್ಳಬೇಡಿ.

ಕತ್ತರಿಸುವ ವಿಷಯ ಬೇರೆ. 32 ಮಿ.ಮೀ. ಡಿಸ್ಕ್ ಪೂರ್ಣ ವೇಗದಲ್ಲಿ ತಿರುಗುವಾಗ ಅದರ ಅಂಚು ಸೆಕೆಂಡಿಗೆ ಸುಮಾರು 55 ಮೀಟರ್ ಸಾಗುತ್ತದೆ. 11,000 ಸುತ್ತಿನ ನಾಲ್ಕಂಗುಲದ ಆ್ಯಂಗಲ್ ಗ್ರೈಂಡರ್‌ನ ಅಂಚಿನ ವೇಗವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಗ್ರೈಂಡರ್ ಕತ್ತರಿಸುವ ಉಕ್ಕನ್ನು ಇದೂ ಕತ್ತರಿಸುತ್ತದೆ, ಆದರೆ ನಿಧಾನವಾಗಿ, ಒಂದು ಸೆಂಟಿಮೀಟರ್ ಆಳದವರೆಗೆ ಮಾತ್ರ. ಗ್ರೈಂಡರ್ ತೂರಲಾಗದ ಬೇಸಿನ್ ಕೆಳಗಿನ ಸಂದಿಯಲ್ಲಿ ತುಕ್ಕು ಹಿಡಿದ ನಟ್ಟಿನ ಒಂದು ಮುಖವನ್ನು ಬೋಲ್ಟಿನ ತಿರುಪಿನ ಗೆರೆಗಳಿಗೆ ತಾಗದಂತೆ ಸೀಳಬಹುದು; ಸೀಳಿದ ಗೆರೆಗೆ ಉಳಿಯಿಟ್ಟು ಮೆಲ್ಲಗೆ ತಟ್ಟಿದರೆ ನಟ್ಟು ಬಾಯಿ ಬಿಡುತ್ತದೆ. ಸವೆದ ಸ್ಕ್ರೂ ತಲೆಯ ಮೇಲೆ ಹೊಸದಾಗಿ ನೇರ ಗೆರೆ ಕೊರೆದು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಬಿಚ್ಚುವುದೂ ಇದೇ ಬಗೆ. ಹಿಂಜು ಸ್ವಲ್ಪ ಗೀಚಿದರೂ ಚೌಕಟ್ಟಿನ ಮರ ಉಳಿಯುತ್ತದೆ.

ಕೈಗೆ ಪಳಗಬೇಕಾದದ್ದು ಒತ್ತಡ. ಮೋಟಾರಿನ ಸದ್ದು ಇಳಿಯಿತೆಂದರೆ ನೀವು ಹೆಚ್ಚು ಒತ್ತುತ್ತಿದ್ದೀರಿ ಎಂದೇ ಅರ್ಥ. ಕೈ ಸಡಿಲಿಸಿ, ಸದ್ದು ಮತ್ತೆ ಏರಲು ಬಿಡಿ. ಫೈಬರ್ ಇಲ್ಲದ ತೆಳು ಡಿಸ್ಕ್ ಸ್ವಲ್ಪ ಓರೆಯಾದರೂ ಚೂರಾಗಿ ಮುಖದತ್ತ ಹಾರುತ್ತದೆ. ಕಣ್ಣಿಗೆ ಕವಚವಿಲ್ಲದೆ ಸ್ವಿಚ್ ಹಾಕಲೇಬೇಡಿ. ಹೆಗಲ ಮೇಲಿನ ಟವೆಲ್ಲನ್ನೂ ತೆಗೆದಿಡಿ.

ಪಾತ್ರೆಯ ಮೇಲೆ ಹೆಸರು ಕೊರೆಯಲು ಪಾತ್ರೆ ಅಂಗಡಿಯವರು ಬಳಸುವುದು ಮೊನೆ ಕಂಪಿಸುತ್ತ ಚುಕ್ಕಿ ಚುಕ್ಕಿಯಾಗಿ ಒತ್ತುವ ಪೆನ್ನು. ರೋಟರಿ ಟೂಲ್‌ನ ವಜ್ರದ ಬಿಟ್ ನುಣುಪಾದ ಸ್ಟೀಲ್ ಮೇಲೆ ಪಕ್ಕಕ್ಕೆ ಜಾರುವುದರಿಂದ ‘ಕ’ ಬರೆಯಹೊರಟರೆ ಬಾಲ ಬೇರೆಲ್ಲಿಗೋ ಹೋಗಿರುತ್ತದೆ. ಆ ಕೆಲಸ ಅಂಗಡಿಯವರಿಗೇ ಇರಲಿ.

ಉತ್ತರ 2

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಉತ್ಸಾಹ ಸ್ವಲ್ಪ ಹೆಚ್ಚಾಯಿತು. ಸವೆದ ಸ್ಕ್ರೂ ಬಿಚ್ಚಲು ಅಗ್ಗದ ಎಕ್ಸ್‌ಟ್ರ್ಯಾಕ್ಟರ್ ಬಿಟ್ ಸಾಕು, ನಿಮ್ಮ ಡ್ರಿಲ್‌ಗೇ ಅದು ಹೊಂದುತ್ತದೆ. ಪರದೆಯ ಪೈಪನ್ನು ಕತ್ತರಿಸಲು ರೋಟರಿ ಟೂಲ್ ಹಿಡಿದು ಪೈಪನ್ನು ಸುತ್ತ ತಿರುಗಿಸುತ್ತ ಡಿಸ್ಕ್ ಮೇಲೆ ಡಿಸ್ಕ್ ಸವೆಸುವವರನ್ನು ನೋಡಿದ್ದೇನೆ. ಹ್ಯಾಕ್ಸಾ ಅದನ್ನು ಅದಕ್ಕಿಂತ ಬೇಗ ಮುಗಿಸುತ್ತದೆ.

ಗ್ರೌಟ್ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ಗಟ್ಟಿ. 1.6 ಮಿ.ಮೀ. ಗ್ರೌಟ್ ಬಿಟ್ ಸಿಗುತ್ತದೆ ನಿಜ, ಆದರೆ ಒಮ್ಮೆ ಜಾರಿದರೆ ಟೈಲ್ಸ್‌ನ ಹೊಳಪಿನ ಮೇಲೆ ಅಳಿಸಲಾಗದ ಗೀರು ಬೀಳುತ್ತದೆ, ಮತ್ತು ಇಡೀ ಬಚ್ಚಲುಮನೆಯ ಸಂದಿಗಳನ್ನು ಹೀಗೆ ಕೆರೆಯುವುದೆಂದರೆ ಬೆನ್ನು ಬಿದ್ದುಹೋಗುತ್ತದೆ. ಆ ಕೆಲಸಕ್ಕೆ ಸರಿಯಾದದ್ದು, ಬ್ಲೇಡು ಸುತ್ತದೆ ಅತ್ತಿತ್ತ ಅದುರುವ ಆಸಿಲೇಟಿಂಗ್ ಟೂಲ್. ಎರಡನ್ನೂ ಮಲ್ಟಿ ಟೂಲ್ ಎಂಬ ಒಂದೇ ಹೆಸರಿನಲ್ಲಿ ಮಾರುವುದರಿಂದ ಆನ್‌ಲೈನ್‌ನಲ್ಲಿ ಚಿತ್ರ ನೋಡದೆ ಆರ್ಡರ್ ಮಾಡಬೇಡಿ. ಹಳೆಯ ಮನೆಯವರಿಗೆ, ಬಾಗಿಲ ಚೌಕಟ್ಟಿನ ಬುಡ ಕೊಯ್ಯುವುದರಿಂದ ಹಿಡಿದು, ಎರಡನೆಯ ಯಂತ್ರವಾಗಿ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ 3

ನಾನು ಎಲೆಕ್ಟ್ರಾನಿಕ್ಸ್ ಹವ್ಯಾಸಿ. ಸರ್ಕ್ಯೂಟ್ ಬೋರ್ಡಿನಲ್ಲಿ 0.8 ಮಿ.ಮೀ. ತೂತು ಕೊರೆಯಲು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸ್ವಿಚ್ಚಿಗೆ ಕಿಂಡಿ ಬಿಡಿಸಲು, ವೈರಿಂಗ್ ಕೇಸಿಂಗ್‌ನ ಮೂಲೆ ಕಚ್ಚು ತೆಗೆಯಲು ರೋಟರಿ ಟೂಲ್ ಇಲ್ಲದೆ ನನಗೆ ನಡೆಯುವುದಿಲ್ಲ. ಪ್ಲಾಸ್ಟಿಕ್ ಕೊರೆಯುವಾಗ ವೇಗ ಕನಿಷ್ಠದಲ್ಲಿರಬೇಕು. ಇಲ್ಲವಾದರೆ ಅದು ಕತ್ತರಿಸಿಕೊಳ್ಳದೆ ಕರಗಿ, ಬಿಟ್ಟಿಗೆ ಅಂಟಿ, ಹಿಂದೆಯೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ವೇಗ ಬದಲಿಸಲಾಗದ ಯಂತ್ರವನ್ನು ಕೊಳ್ಳಲೇಬೇಡಿ. ತಂತಿ ಬ್ರಷ್‌ಗಳಿಗೂ ಮಿತಿಯಿದೆ: ಸಾಮಾನ್ಯವಾಗಿ 15,000 ಸುತ್ತು ದಾಟಿದರೆ ಎಳೆಗಳು ಕಿತ್ತು ಸೂಜಿಗಳಂತೆ ಹಾರುತ್ತವೆ. ಟೈಲ್ಸ್ ಮತ್ತು ಸಿಮೆಂಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹಾನಿಕರ, ಬಟ್ಟೆಯ ಕರ್ಚೀಫು ಅದನ್ನು ತಡೆಯುವುದಿಲ್ಲ. ಎನ್95 ಮಾಸ್ಕ್ ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಪಾತ್ರೆಯ ಆಸೆಯನ್ನು ಬಿಟ್ಟೆವು, ಗ್ರೌಟ್ ಕೆಲಸವನ್ನು ಗಾರೆಯವರಿಗೆ ಒಪ್ಪಿಸುತ್ತೇನೆ. ಉಳಿದ ಕೆಲಸಗಳಿಗಾಗಿ ಕೊಳ್ಳುವುದಾದರೆ ನೂರಾರು ಬಿಟ್‌ಗಳ ಅಗ್ಗದ ಸೆಟ್ ಸಾಕೇ, ಅಥವಾ ಹೆಸರಾಂತ ಕಂಪನಿಯದ್ದೇ ಬೇಕೇ? ಈಳಿಗೆಮಣೆ ಹರಿತ ಮಾಡಲೂ ಆಗುತ್ತದೆಯೇ?

ಉತ್ತರ 1

ಆ ನೂರಾರರಲ್ಲಿ ಬಹುಪಾಲು ಒಂದೇ ಕಲ್ಲಿನ ಹತ್ತಾರು ಆಕಾರಗಳು ಹಾಗೂ ಅಂಗೈಯಲ್ಲೇ ಸವೆದುಹೋಗುವ ಸ್ಯಾಂಡ್‌ಪೇಪರ್ ತುಂಡುಗಳು. ಯಂತ್ರ ಸಾಧಾರಣದ್ದಾದರೂ ಪರವಾಗಿಲ್ಲ, ಆದರೆ ಬಿಟ್ ಹಾಕಿ, ಅದನ್ನು ಹಿಡಿಯುವ ಕಾಲೆಟ್ ಬಿಗಿದು ಕೈಯಲ್ಲಿ ತಿರುಗಿಸಿದಾಗ ತುದಿ ತೂಗಾಡಬಾರದು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಂಗಡಿಯಲ್ಲೇ ಇದನ್ನು ಪರೀಕ್ಷಿಸಿ. 3.2 ಮಿ.ಮೀ. ಕಾಲೆಟ್ ಇದೆಯೇ ಎಂದೂ ಕೇಳಿ, ಏಕೆಂದರೆ ಹೆಚ್ಚಿನ ಬಿಟ್‌ಗಳ ಕಾಂಡ ಅದೇ ಅಳತೆಯದು. ದಂತವೈದ್ಯರ ಬಗೆಯ 2.35 ಮಿ.ಮೀ. ಬಿಟ್‌ಗಳು ಅದರಲ್ಲಿ ಬಿಗಿಯಾಗುವುದಿಲ್ಲ. ಉಳಿದ ಹಣವನ್ನು ಫೈಬರ್ ಬಲವಿರುವ ಡಿಸ್ಕ್‌ಗಳಿಗೆ ಮತ್ತು ಅವನ್ನು ಕೂರಿಸುವ ಗಟ್ಟಿಯಾದ ಕಡ್ಡಿಗೆ, ಅಂದರೆ ಮ್ಯಾಂಡ್ರೆಲ್‌ಗೆ ಹಾಕಿ. ಯಂತ್ರದ ಮೇಲೆ, ಮೋಟಾರಿನೊಳಗೆ ಸವೆಯುವ ಕಾರ್ಬನ್ ಬ್ರಷ್ ಬದಲಿಸುವ ಎರಡು ಸ್ಕ್ರೂ ಮುಚ್ಚಳಗಳಿದ್ದರೆ ಇನ್ನೂ ಒಳ್ಳೆಯದು.

ಈಳಿಗೆಯ ವಿಚಾರಕ್ಕೆ: ತೀರಾ ಮೊಂಡಾದ ಅಥವಾ ಕಚ್ಚು ಬಿದ್ದ ಅಂಚಿದ್ದರೆ ಕಡಿಮೆ ವೇಗದಲ್ಲಿ ಕಲ್ಲು ತಾಗಿಸಿ, ಆಗಾಗ ನೀರಿನಲ್ಲಿ ಅದ್ದುತ್ತ ಕೆಲಸ ಮಾಡಿ. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಆ ಜಾಗದ ಉಕ್ಕಿನ ಹದ ಕೆಟ್ಟಿತು, ಮತ್ತೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಕೊನೆಯ ಹರಿತವನ್ನು ಸಾಣೆಕಲ್ಲಿನಲ್ಲೇ ತನ್ನಿ.