ವಿಷಯ: ಮೂಳೆ ಮುರಿದು ನಡುವೆ ಕುಸಿದ ಮೂಗಿಗೆ ಪದ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ. ಮೂಗಿನ ಮೂಳೆ ಮುರಿದವರಿಗೆ ಕೊಡುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಪಕ್ಕಕ್ಕೆ ವಾಲಿದ್ದಕ್ಕೆ 'ಸೊಟ್ಟ ಮೂಗು', ಮೇಲೆ ಉಬ್ಬು ಬಂದದ್ದಕ್ಕೆ 'ಮೂಗಿನ ಗೂನು' ಅಂತ ಹಾಕಿದ್ದೇನೆ. ತೊಡಕಾಗಿರುವುದು 'ಸ್ಯಾಡಲ್ ನೋಸ್'. ಮೂಗಿನ ನಡುಗೋಡೆಯಲ್ಲಿ ರಕ್ತ ಕಟ್ಟಿಕೊಂಡು, ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಸತ್ತು, ಮೂಗಿನ ಬೆನ್ನು ತಗ್ಗಾಗುತ್ತಲ್ಲ, ಅದು. ಸ್ಯಾಡಲ್ ಅಂದರೆ ಕುದುರೆಯ ಬೆನ್ನಿಗೆ ಹಾಕುವ ಜೀನು, ಹಾಗಾಗಿ 'ಜೀನು ಮೂಗು' ಅಂತ ಬರೆದೆ. ಓದಿದ ಇಬ್ಬರೂ 'ಜೇನು' ಅಂತ ತಿದ್ದಿ ಕೊಟ್ಟರು. ಡಿಫಾರ್ಮಿಟಿಗೆ 'ವಿರೂಪ' ನಡೆಯುತ್ತಾ?

> ಜೀನು ಮೂಗು

ಜೀನು ಪಾರಸಿ. ನಮ್ಮದೇ 'ಹಲ್ಲಣ' ಇರುವಾಗ ಅದೇಕೆ? ಅಲ್ಲಮನ ವಚನದಲ್ಲೇ ಇದೆ. 'ಹಲ್ಲಣಮೂಗು' ಅನ್ನಿ. ಮೃದ್ವಸ್ಥಿಯೂ ಬೇಡ, 'ಮೆಲ್ಲೆಲುಬು' ಸಾಕು.

> ನಮ್ಮದೇ 'ಹಲ್ಲಣ'

ನಮ್ಮದಲ್ಲ. ಸಂಸ್ಕೃತದ ಪರ್ಯಾಣ, ಆಮೇಲೆ ಪಲ್ಲಣ, ಆಮೇಲೆ ಹಲ್ಲಣ. ಸಾಲ ಹಳೇದಾದರೆ ಮನ್ನಾ ಆಗಿಬಿಡುತ್ತಾ? ಅದೂ ಅಲ್ಲದೆ, ಇವತ್ತು ಓದುವವರು ಹಲ್ಲಿಗೆ ಏನೋ ಆಗಿದೆ ಅಂದುಕೊಳ್ಳುತ್ತಾರೆ.

ಇಬ್ಬರೂ ಕುದುರೆಯಿಂದ ಸ್ವಲ್ಪ ಇಳಿಯಿರಿ. ಜೀನನ್ನೇ ನೋಡದವರಿಗೆ ಆ ಹೋಲಿಕೆ ಯಾಕೆ? 'ನಡು ಕುಸಿದ ಮೂಗು' ಅಂದರೆ ಸಾಕು, ಕನ್ನಡಿ ನೋಡಿಕೊಂಡರೆ ತಿಳಿಯುತ್ತದೆ. 'ಕೂತ ಮೂಗು' ಅಂತ ಮಾತ್ರ ಹಾಕಬೇಡಿ. ಅದೇ ಕರಪತ್ರದಲ್ಲಿ 'ಮೂಳೆ ಕೂರಿಸುವುದು' ಅಂತ ಬಂದೇ ಬರುತ್ತದೆ. ದೊಡ್ಡವರಿಗೆ ಸುಮಾರು 2 ವಾರದೊಳಗೆ ಮಾಡುವ ಕೆಲಸ ಅದು. ಕೂತದ್ದನ್ನೇ ಕೂರಿಸುವುದು ಹೇಗೆ ಅಂತ ಕೇಳುತ್ತಾರೆ.

'ಸೊಟ್ಟ'ದಲ್ಲೂ ಒಂದು ಗುಂಡಿ ಇದೆ. ಹೊರಗೆ ನೆಟ್ಟಗಿದ್ದು ಒಳಗಿನ ಗೋಡೆ ಮಾತ್ರ ಬಾಗಿರಬಹುದು, ಉಸಿರು ಒಂದೇ ಹೊಳ್ಳೆಯಲ್ಲಿ ಆಡುತ್ತಿರಬಹುದು. ಅದಕ್ಕೆ 'ನಡುಗೋಡೆ ಡೊಂಕು' ಅಂತ ಬೇರೆ ಇಟ್ಟುಕೊಳ್ಳಿ. 'ವಿರೂಪ' ಬೇಡವೇ ಬೇಡ. ಊತ ಇಳಿಯಲು 3ರಿಂದ 5 ದಿನ ಬೇಕು, ಅಲ್ಲಿಯವರೆಗೆ ಮೂಗು ಹೇಗಾಗಿದೆ ಅಂತಲೇ ಸರಿಯಾಗಿ ಗೊತ್ತಾಗಲ್ಲ. ಅಷ್ಟರಲ್ಲೇ ಪಾಪ, ಅವರ ಕೈಗೆ 'ವಿರೂಪ' ಕೊಡುತ್ತೀರಾ? 'ಮೂಗಿನ ಆಕಾರ ಕೆಡುವುದು' ಅನ್ನಿ.

'ನಡು ಕುಸಿದ ಮೂಗು' ಹಾಕಿ ಕಳಿಸಿದೆ, ವಂದನೆಗಳು. ಮೃದ್ವಸ್ಥಿ ಹಾಗೇ ಉಳಿಸಿದ್ದೇನೆ. ಅಂದಹಾಗೆ, 'ಕರಪತ್ರ'ವೂ ಸಂಸ್ಕೃತವೇ. ಅದಕ್ಕೆ ಯಾರೂ ತಕರಾರು ಎತ್ತಲಿಲ್ಲ.

> ತಕರಾರು

ಅರಬ್ಬಿ.