ಶರಾವತಿ ಕಣಿವೆಗೆ ದಸರಾ ರಜೆಲಿ ಹೋಗ್ತಿದೀವಿ, ಸಿಂಗಳೀಕ ನೋಡೋಕೆ ಸಿಗತ್ತಾ?

ಬೆಂಗ್ಳೂರ್ ಪಯಣಿಗ:
ಎಲ್ರಿಗೂ ನಮಸ್ಕಾರ. ದಸರಾ ರಜೆಲಿ ಮೂರು ದಿನ ಶರಾವತಿ ಕಣಿವೆ ಕಡೆ ಬರೋಣ ಅಂತಿದೀವಿ. ನಾನು, ಹೆಂಡ್ತಿ, ಎಂಟು ವರ್ಷದ ಮಗಳು, ಜೊತೆಗೆ ಅಮ್ಮ, ಅವ್ರಿಗೆ ಮಂಡಿನೋವು, ಜಾಸ್ತಿ ಮೆಟ್ಲು ಇಳಿದು ಹತ್ತೋಕಾಗಲ್ಲ. ರಾತ್ರಿ ರೈಲಲ್ಲಿ ತಾಳಗುಪ್ಪಕ್ಕೆ ಬಂದು ಅಲ್ಲಿಂದ ಟ್ಯಾಕ್ಸಿ. ಮಗಳು ಸ್ಕೂಲ್ ಪ್ರಾಜೆಕ್ಟಿಗೆ ಸಿಂಗಳೀಕದ ಚಿತ್ರ ಬರೆದಳು, ಅವತ್ತಿಂದ ನಿಜವಾದ್ದನ್ನೇ ನೋಡ್ಬೇಕು ಅಂತ ಹಠ ಹಿಡಿದಿದ್ದಾಳೆ. ಬಂಡೀಪುರದ ತರ ಸಫಾರಿ ಬಸ್ ಇರತ್ತಾ? ಅಮ್ಮಂಗೆ ಸಿಗಂದೂರಿಗೂ ಹೋಗೋ ಆಸೆ, ಲಾಂಚಲ್ಲಿ ಕಾರ್ ಹಾಕ್ಬಹುದಾ? ಗೊತ್ತಿರೋರು ದಯವಿಟ್ಟು ಹೇಳಿ.

ಹಿನ್ನೀರ ಹುಡುಗ:
ಬನ್ನಿ ಸರ್, ನಮ್ಮೂರು ಕಾರ್ಗಲ್ ಹತ್ರಾನೇ. ಮೊದ್ಲು ಸಿಗಂದೂರಿಂದು ಹೇಳ್ಬಿಡ್ತೀನಿ, ಈಗ ಲಾಂಚಿಗೆ ಕಾಯೋದು ಬೇಡ, 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯ್ತು, ಸುಮಾರು ಎರಡೂವರೆ ಕಿಲೋಮೀಟರ್ ಉದ್ದ, ಹಿನ್ನೀರಿನ ಮೇಲೆ ಹೋಗ್ತಾ ಇದ್ರೆ ಎರಡೂ ಕಡೆ ಬರೀ ನೀರು. ನಿಮಗೆ ಅದು ಒಂದು ವ್ಯೂ, ಆದ್ರೆ ಆಚೆ ದಂಡೆಯ ತುಮರಿ ಕಡೆಯವ್ರಿಗೆ ಅದು ಏನು ಅಂತ ಅಮ್ಮಂಗೆ ಹೇಳಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಮುಗಿದು ಊರೂರೇ ಮುಳುಗಿದ್ಮೇಲೆ ಆ ದಂಡೆ ಜನ ಆಸ್ಪತ್ರೆಗೂ ಲಾಂಚೇ ಕಾಯ್ಬೇಕಿತ್ತು. ನಮ್ಮಜ್ಜಿ ತವರುಮನೆ ಗದ್ದೆ ಈಗ್ಲೂ ನೀರಿನಡಿಗೆ ಇದೆ.

ಸಫಾರಿ ಅಂತ ಏನೂ ಇಲ್ಲ ಸರ್, ಅದನ್ನ ತಲೆಯಿಂದ ತೆಗೆದುಬಿಡಿ. ಇದು ಜೀಪಲ್ಲಿ ಕೂತು ನೋಡೋ ಕಾಡಲ್ಲ. 1972ರಿಂದ ಶರಾವತಿ ಕಣಿವೆ ಅಭಯಾರಣ್ಯ ಇತ್ತು, 2019ರಲ್ಲಿ ಅದಕ್ಕೆ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶಾನೂ ಮಧ್ಯದ ಕಾಡನ್ನೂ ಸೇರಿಸಿ ಸಿಂಗಳೀಕ ಅಭಯಾರಣ್ಯ ಅಂತ ಮಾಡಿದ್ರು, ಒಟ್ಟು 930 ಚದರ ಕಿ.ಮೀ. ಸೇರಿಸಿದ್ದಕ್ಕೆ ಕಾರಣ ಇದೆ, ಸಿಂಗಳೀಕ ನೆಲಕ್ಕೆ ಇಳಿಯೋದು ಕಮ್ಮಿ, ಕೊಂಬೆಯಿಂದ ಕೊಂಬೆಗೆ ಹೋಗ್ಬೇಕು ಅಂದ್ರೆ ಕಾಡು ಮೇಲ್ಗಡೆ ಕೂಡಿಕೊಂಡೇ ಇರ್ಬೇಕು. ಮಧ್ಯ ಒಂದು ಕಡೆ ಕಡಿದ್ರೂ ಅದಕ್ಕೆ ದಾರಿ ಕಟ್.

ಉಳಿಯೋಕೆ ಮುಪ್ಪಾನೆ ನೇಚರ್ ಕ್ಯಾಂಪ್ ನೋಡಿ, ಹಿನ್ನೀರಿನ ದಂಡೆಲೇ ಇದೆ, ಮುಂಚೆನೇ ಬುಕ್ ಮಾಡ್ಕೊಳ್ಳಿ. ಜೋಗದಲ್ಲಿ ಅಮ್ಮ ಮೇಲಿಂದ್ಲೇ ನೋಡ್ಲಿ, ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೇಲಿಂದ್ಲೇ ಕಾಣ್ತವೆ, ಎಷ್ಟು ನೀರು ಅನ್ನೋದು ಮಾತ್ರ ಆ ವರ್ಷದ ಮಳೆ ಮತ್ತೆ ಲಿಂಗನಮಕ್ಕಿ ಗೇಟಿನ ಮೇಲೆ.

ರೋಡ್ ಟ್ರಿಪ್ ರಾಜ:
ಬ್ರೋ ಸಿಂಪಲ್, ಎರಡು ಪ್ಯಾಕ್ ಬಿಸ್ಕೆಟ್ ಇಟ್ಕೊಳ್ಳಿ, ಘಾಟಿಲಿ ಕಾರ್ ನಿಲ್ಸಿ, ಅವೇ ಬರ್ತವೆ. ಪಾಪುಗೆ ಹತ್ತಿರದಿಂದ ಒಳ್ಳೆ ಫೋಟೊ ಸಿಗತ್ತೆ.

ಕಾನುಮನೆ:
ದಯವಿಟ್ಟು ಹಾಗೆ ಹೇಳ್ಬೇಡಿ ಅಣ್ಣ. ನೀವು ಕೆಟ್ಟದ್ದಕ್ಕೆ ಹೇಳಿದ್ದಲ್ಲ ಅಂತ ಗೊತ್ತು, ಆದ್ರೆ ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಹೋದ ಬೇಸಿಗೆಲಿ ಮಲೆಮನೆ ಘಾಟಿ ತಿರುವಲ್ಲಿ ಒಂದು ತಾಯಿ ಸಿಂಗಳೀಕ ಹೊಟ್ಟೆಗೆ ಮರಿ ಅಪ್ಪಿಕೊಂಡು ರಸ್ತೆ ಅಂಚಿನ ಬಿಳಿ ಗೆರೆ ಮೇಲೆ ಕೂತಿತ್ತು, ಕೈಲಿ ಚಿಪ್ಸ್ ಕವರ್, ಒಳಗೆ ಏನೂ ಇಲ್ಲ, ಆ ಬೆಳ್ಳಿ ಬಣ್ಣದ ಹೊಳಪನ್ನೇ ನೆಕ್ಕುತ್ತಾ ಇತ್ತು. ಮರಿ ಕೈ ಚಾಚಿ ಅದೇ ಕವರ್ ಎಳೀತಿತ್ತು. ಅಷ್ಟರಲ್ಲಿ ಮೇಲಿಂದ ಲಾರಿ ಹಾರ್ನ್ ಹಾಕ್ತಾ ಬಂತು, ಒಂದು ಗೇಣು ಅಂತರದಲ್ಲಿ ಉಳಿದವು. ನಂಗೆ ಅವತ್ತು ಇಡೀ ದಿನ ಊಟ ಸೇರ್ಲಿಲ್ಲ. ಒಂದು ಸಲಕ್ಕೆ ಒಂದೇ ಮರಿ ಹಾಕತ್ತೆ, ಅದೂ ವರ್ಷ ವರ್ಷ ಅಲ್ಲ. ಇಡೀ ಪ್ರಪಂಚದಲ್ಲಿ ನಮ್ಮ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರೋ ಪ್ರಾಣಿ, ಅದರಲ್ಲೂ ಉತ್ತರದ ಕಡೇ ನೆಲೆ ಅಂದ್ರೆ ಇದೇ ಶರಾವತಿ–ಅಘನಾಶಿನಿ ಕಾಡು. ಉಪ್ಪಾಗೆ, ಹೆಬ್ಬಲಸು ತಿಂದು ಮರದ ಮೇಲೆ ಬದುಕೋದಕ್ಕೆ ಟಾರ್ ರೋಡಲ್ಲಿ ಬಿಸ್ಕೆಟ್ ಹುಡುಕೋದು ಕಲಿಸಿದವರು ನಾವೇ ಅಲ್ವಾ?

ಪಯಣಿಗ ಸರ್, ನಿಮ್ಮ ಮಗಳಿಗೆ ತೋರ್ಸೋಕೆ ಬೇರೆ ದಾರಿ ಇದೆ. ಬೆಳಿಗ್ಗೆ ಬೇಗ ಜೋಗದಿಂದ ಹೊರಟು ಮಾವಿನಗುಂಡಿ ಮೇಲೆ ಹೊನ್ನಾವರ ರಸ್ತೆಲಿ ನಿಧಾನ ಇಳೀರಿ, ಗ್ಲಾಸ್ ಇಳ್ಸಿ, ಹಾಡು ಆಫ್ ಮಾಡಿ. ಜಾಗ ಇರೋ ಕಡೆ ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಸುಮ್ನೆ ಮರದ ತುದಿ ನೋಡ್ತಾ ಇರಿ. ಗಾಳಿ ಇಲ್ದೇ ಕೊಂಬೆ ಅಲ್ಲಾಡಿದ್ರೆ ಮೇಲೆ ಯಾರೋ ಇದಾರೆ ಅಂತ. ಉದ್ದ ಬಾಲದ ಬೂದು ಮೈ ಅಂದ್ರೆ ಅದು ಮುಸಿಯ. ಸಿಂಗಳೀಕ ಪೂರ್ತಿ ಕಪ್ಪು, ಮುಖದ ಸುತ್ತ ಬೂದಿ ಬಣ್ಣದ ಕೇಸರ, ಬಾಲದ ತುದಿಲಿ ಕುಚ್ಚು. ಕಾಣ್ದೇನೂ ಇರ್ಬಹುದು, ಅದನ್ನ ಮಗಳಿಗೆ ಮೊದ್ಲೇ ಹೇಳಿಡಿ.

ಅದೇ ದಾರಿಲಿ ಕತ್ತಲೆಕಾನು ಅನ್ನೋ ಕಾಡು ಬರತ್ತೆ. ಹೆಸರಿಗೆ ತಕ್ಕ ಹಾಗೆ ಮಧ್ಯಾಹ್ನಾನೂ ಕತ್ತಲೆ. ಒಳಗೆ ರಾಮಪತ್ರೆ ಜಡ್ಡಿ ಇದೆ, ವರ್ಷವಿಡೀ ನೀರು ನಿಲ್ಲೋ ಜೌಗು ನೆಲ, ಮರದ ಬೇರು ಉಸಿರಾಡೋಕೆ ಅಂತ ಮೊಣಕಾಲು ಮಡಚಿದ ಹಾಗೆ ಕೆಸರಿಂದ ಮೇಲೆದ್ದು ಮತ್ತೆ ಒಳಗೆ ಹೋಗಿರತ್ತೆ. ಒಂದು ಸಲ ಇಲಾಖೆ ವಾಚರ್ ಜೊತೆ ಹೋಗಿದ್ದೆ, ಆ ಬೇರಿನ ಮೇಲೆ ಕೈ ಇಟ್ರೆ ಮಡಕೆ ಮುಟ್ಟಿದಷ್ಟು ತಣ್ಣಗೆ. 2000ದಲ್ಲಿ ವಿಜ್ಞಾನಕ್ಕೆ ಹೊಸದು ಅಂತ ಗುರುತಿಸಿದ ಒಂದು ಮರಕ್ಕೆ ಈ ಜಾಗದ ಹೆಸರೇ ಇಟ್ಟಿದಾರೆ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಪರ್ಮಿಷನ್ ಇಲ್ದೆ ಒಳಗೆ ಕಾಲಿಡ್ಬೇಡಿ, ಅಲ್ಲಿ ನೆಲ ಅಷ್ಟು ಸೂಕ್ಷ್ಮ.

ಸಾಗರದವಳು:
ಒಂದು ಮುಖ್ಯ ವಿಷ್ಯ ಯಾರೂ ಹೇಳ್ಲಿಲ್ಲ. ಅಕ್ಟೋಬರ್‌ನಲ್ಲಿ ಭಯ ಕಮ್ಮಿ, ಆದ್ರೆ ಪ್ಲಾನ್ ಡಿಸೆಂಬರಿಂದ ಮೇ ಒಳಗೆ ಮುಂದೆ ಹೋದ್ರೆ ಮಂಗನಕಾಯಿಲೆ ನೆನಪಿರ್ಲಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದ್ಲು ಗೊತ್ತಾಗಿದ್ದು, ಉಣುಗು ಅಂದ್ರೆ ಉಣ್ಣೆ ಕಚ್ಚಿದ್ರೆ ಬರತ್ತೆ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಲ್ಲಿ ಎಷ್ಟೋ ಮನೆಲಿ ಸಾವು ನೋಡಿದೀವಿ, ಅದೂ ಇದೇ ಕಣಿವೆ ಊರು. ಒಣ ಎಲೆ ಮೇಲೆ ಕೂರ್ಬೇಡಿ, ಮಕ್ಕಳನ್ನ ಕೂರ್ಸ್ಬೇಡಿ, ತುಂಬು ತೋಳಿನ ಬಟ್ಟೆ ಹಾಕಿ, ರೂಮಿಗೆ ಬಂದ ಕೂಡ್ಲೇ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ನೆನೆ ಹಾಕಿ. ಕಾಡಲ್ಲಿ ಸತ್ತ ಮಂಗ ಕಂಡ್ರೆ ಹತ್ತಿರ ಹೋಗ್ದೆ ಇಲಾಖೆಗೆ ತಿಳ್ಸಿ. ಈಗ ಮಳೆ ಬಿಟ್ಟಿರ್ದಿದ್ರೆ ಉಂಬಳ, ಅಂದ್ರೆ ಜಿಗಣೆ ಇರತ್ತೆ, ಅದಕ್ಕೆ ಹೆದರ್ಬೇಡಿ, ಸ್ವಲ್ಪ ಉಪ್ಪು ಇಟ್ಕೊಳ್ಳಿ ಸಾಕು.

ಹೊಳೆಸಾಲು:
ಘಾಟಿ ಇಳಿದ್ಮೇಲೆ ಗೇರುಸೊಪ್ಪದಲ್ಲಿ ಚತುರ್ಮುಖ ಬಸದಿಗೆ ಹೋಗಿ, ನಾಲ್ಕೂ ದಿಕ್ಕಿಗೆ ಬಾಗಿಲು, ಕಾಡಿನ ಮಧ್ಯದ ಕಲ್ಲುಗುಡಿ. ಮೆಣಸಿನ ರಾಣಿ ಚೆನ್ನಭೈರಾದೇವಿ ಊರು ಅದು. ಅಮ್ಮಂಗೆ ಕಷ್ಟ ಆಗಲ್ಲ.

ಮತ್ತೆ ಹೋಗೋರು ಈಗ್ಲೇ ನೋಡ್ಕೊಂಡು ಬನ್ನಿ ಅಂತ ನಾನು ಎಲ್ರಿಗೂ ಹೇಳ್ತಿದೀನಿ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ, ಈ ಎರಡು ಜಲಾಶಯದ ಮಧ್ಯ ನೀರು ಮೇಲೆ ಎತ್ತಿ ಬಿಡೋ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ತರ್ತೀವಿ ಅಂತಿದಾರೆ. ಸುರಂಗ ಭೂಮಿ ಒಳಗೆ ಅಂತಾರೆ, ಆದ್ರೆ ರಸ್ತೆಗೆ, ಮಣ್ಣು ಸುರಿಯೋಕೆ ಮೇಲಿನ ಕಾಡೇ ತಾನೆ ಹೋಗೋದು. ಈ ಹೊಳೆ ರಾಜ್ಯಕ್ಕೆ ಕರೆಂಟ್ ಕೊಟ್ಟು ಕೊಟ್ಟು ಸೋತಿದೆ, ಇನ್ನೂ ಎಷ್ಟು ಕೇಳ್ತಾರೆ ಅಂತ ಹೊಟ್ಟೆ ಉರಿಯತ್ತೆ.

ಬೆಂಗ್ಳೂರ್ ಪಯಣಿಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಕಾನುಮನೆ ಅವ್ರೇ, ನಿಮ್ಮ ಮೆಸೇಜ್ ಮಗಳಿಗೆ ಓದಿ ಹೇಳಿದೆ, ಚಿಪ್ಸ್ ಕವರ್ ವಿಷ್ಯ ಕೇಳಿ ಅವಳೇ ಬ್ಯಾಗಲ್ಲಿದ್ದ ಬಿಸ್ಕೆಟ್ ತೆಗೆದಿಟ್ಳು. ಬೈನಾಕ್ಯುಲರ್ ತಗೊಳ್ತೀವಿ. ಘಾಟಿಗೆ ಎಷ್ಟು ಹೊತ್ತಿಗೆ ಇಳಿದ್ರೆ ಒಳ್ಳೇದು?

ಕಾನುಮನೆ:
ಏಳು ಗಂಟೆ ಒಳಗೆ ಮಾವಿನಗುಂಡಿ ದಾಟಿರಿ ಸರ್, ಆಮೇಲೆ ಲಾರಿ, ಬಸ್ಸು ಶುರು ಆಗತ್ತೆ, ಸಿಂಗಳೀಕಗಳು ಒಳಗೆ ಸರಿದುಬಿಡ್ತವೆ. ಮಂಜಿದ್ರೆ ಸ್ವಲ್ಪ ಕಾದು ಹೊರಡಿ.