ಮೇಜರ್ ನೋಡಿ ಏಡ್ ಕೊಡ್ತಾರಾ?

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಮಕ್ಕಳು ಹನ್ನೆರಡನೇ ಕ್ಲಾಸಿಗೆ ಬಂದ ಕೂಡಲೇ ಈ ಪ್ರಶ್ನೆ ಏಳುತ್ತದೆ: ಯಾವ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಹಾಕಿದರೆ ಏಡ್ (ಕಾಲೇಜು ಖರ್ಚಿಗೆ ಸಿಗುವ ಹಣದ ನೆರವು) ಜಾಸ್ತಿ ಸಿಗುತ್ತೆ?

ಫೆಡರಲ್ (ಕೇಂದ್ರ ಸರ್ಕಾರದ) ಏಡ್‌ಗೆ ತುಂಬುವ ಅರ್ಜಿ ಫ್ಯಾಫ್ಸಾ. ಅದರ ಲೆಕ್ಕದಲ್ಲಿ ಮೇಜರ್‌ಗೆ ಜಾಗವೇ ಇಲ್ಲ. ಅಪ್ಪ ಅಮ್ಮನ ಆದಾಯ, ಉಳಿತಾಯ, ಮನೆಯಲ್ಲಿ ಎಷ್ಟು ಜನ, ಇವೇ ಮುಖ್ಯ. ಆದಾಯವನ್ನೂ ಎರಡು ವರ್ಷ ಹಿಂದಿನ ಟ್ಯಾಕ್ಸ್ ರಿಟರ್ನ್‌ನಿಂದ ತೆಗೆದುಕೊಳ್ಳುತ್ತಾರೆ. ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಮೊದಲು ಸಿಗುತ್ತಿದ್ದ ಅನುಕೂಲ 2024-25ರಿಂದ ಹೋಗಿದೆ. ಎಚ್-4 ವೀಸಾದಲ್ಲಿರುವ (ಎಚ್-1ಬಿಯಂಥ ಕೆಲಸದ ವೀಸಾದವರ ಅವಲಂಬಿತರಾದ) ಮಕ್ಕಳಿಗೆ ಯಾವ ಮೇಜರ್ ಆದರೂ ಫೆಡರಲ್ ಏಡ್ ಇಲ್ಲ.

ಹಾಗಂತ ಮೇಜರ್‌ಗೂ ದುಡ್ಡಿಗೂ ಸಂಬಂಧವೇ ಇಲ್ಲ ಅಂದುಕೊಳ್ಳಬೇಡಿ. ಸಂಬಂಧ ಇರುವುದು ಬಿಲ್ಲಿನಲ್ಲಿ. ಅರ್ಬಾನಾ-ಶಾಂಪೇನ್‌ನ ಇಲಿನಾಯ್ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್, ಬಿಸಿನೆಸ್ ಓದುವವರಿಗೆ ಟ್ಯೂಷನ್ (ಕಾಲೇಜಿನ ಪಾಠದ ಫೀಸು) ಬೇರೆಯವರಿಗಿಂತ ಜಾಸ್ತಿ. ಡಿಪಾರ್ಟ್‌ಮೆಂಟ್ ಕೊಡುವ ಸ್ಕಾಲರ್‌ಶಿಪ್ ಕೂಡ ಸಾಮಾನ್ಯವಾಗಿ ಆ ಮೇಜರ್‌ನಲ್ಲಿ ಇರುವವರೆಗೆ ಮಾತ್ರ.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ನಾಲ್ಕು ವರ್ಷದ ಡಿಗ್ರಿ ಐದನೇ ವರ್ಷಕ್ಕೆ ಜಾರುವುದು. ಮಗನಿಗೆ ಮನಸ್ಸಿಲ್ಲ, ಆದರೂ ಕಂಪ್ಯೂಟರ್ ಸೈನ್ಸ್‌ಗೆ (ಸಿಎಸ್) ಸೇರಿಸುತ್ತೇವೆ. ಮೂರನೇ ವರ್ಷ ಅವನು ಎಕನಾಮಿಕ್ಸ್ ಅಂತಾನೆ. ಹಳೆಯ ಕೋರ್ಸ್‌ಗಳಿಗೆ ಸಿಕ್ಕ ಕ್ರೆಡಿಟ್‌ಗಳಲ್ಲಿ (ಡಿಗ್ರಿಗೆ ಕೂಡಿಸಬೇಕಾದ ಪಾಯಿಂಟ್‌ಗಳು) ಕೆಲವು ಹೊಸ ಡಿಗ್ರಿಗೆ ಲೆಕ್ಕಕ್ಕೇ ಬರುವುದಿಲ್ಲ. ಎಷ್ಟೋ ಕಾಲೇಜುಗಳ ಮೆರಿಟ್ ಸ್ಕಾಲರ್‌ಶಿಪ್ ಎಂಟು ಸೆಮಿಸ್ಟರ್‌ಗೆ ನಿಲ್ಲುತ್ತದೆ. ಅಪ್ಪ ಅಮ್ಮನ ಆಸರೆಯಲ್ಲಿರುವ ವಿದ್ಯಾರ್ಥಿಗೆ ಅವನ ಹೆಸರಿನಲ್ಲಿ ಸಿಗುವ ಫೆಡರಲ್ ಸಾಲ ಸಾಮಾನ್ಯವಾಗಿ ಒಟ್ಟು 31,000 ಡಾಲರ್ ಮಾತ್ರ. 120 ಕ್ರೆಡಿಟ್‌ನ ಡಿಗ್ರಿಗೆ 180 ಕ್ರೆಡಿಟ್ ದಾಟಿದರೆ ಫೆಡರಲ್ ಏಡ್‌ಗೇ ಕುತ್ತು. ಒಟ್ಟಿನಲ್ಲಿ ಆ ಐದನೇ ವರ್ಷದ ಖರ್ಚಿನ ದೊಡ್ಡ ಪಾಲು ಮನೆಯ ಮೇಲೇ ಬೀಳಬಹುದು. ಮಗುವಿಗೆ ಏನಿಷ್ಟ ಅಂತ ಮೊದಲೇ ಕೂತು ಕೇಳುವುದು ಅವರ ನೆಮ್ಮದಿಗೂ ಒಳ್ಳೆಯದು, ಜೇಬಿಗೂ ಒಳ್ಳೆಯದು.

ಇನ್ನು ಕೆಲವರು ಉಲ್ಟಾ ಮಾಡುತ್ತಾರೆ. ಸುಲಭವಾಗಿ ಸೀಟು ಸಿಗುವ ಮೇಜರ್‌ನಲ್ಲಿ ಒಳಗೆ ಹೋಗಿ, ಆಮೇಲೆ ಸಿಎಸ್‌ಗೆ ಬದಲಾಯಿಸೋಣ ಅಂತ. ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯಂಥ ಕಡೆ ಆ ದಾರಿ ತುಂಬಾ ಕಿರಿದು. ಅದನ್ನೇ ನಂಬಿ ಔಟ್-ಆಫ್-ಸ್ಟೇಟ್ (ಬೇರೆ ರಾಜ್ಯದವರಿಗಿರುವ ಹೆಚ್ಚಿನ) ಫೀಸು ಕಟ್ಟಬೇಡಿ.

ಡಾಕ್ಟರ್ ಆಗಬೇಕು ಅನ್ನುವ ಮಕ್ಕಳಿದ್ದರೆ ಇನ್ನೂ ಮುಂದಕ್ಕೆ ಯೋಚಿಸಬೇಕು. ಪ್ರೀ-ಮೆಡ್ (ಮೆಡಿಕಲ್ ಸೇರುವ ಮುಂಚಿನ ತಯಾರಿ) ಅನ್ನುವುದು ಮೇಜರ್ ಅಲ್ಲ. ಬೇಕಾದ ಕೋರ್ಸ್ ಮುಗಿಸಿದರೆ ಇತಿಹಾಸ ಓದಿಯೂ ಮೆಡಿಕಲ್‌ಗೆ ಹೋಗಬಹುದು. ಆದರೆ 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ (ಡಿಗ್ರಿ ನಂತರದ ಓದಿಗೆ ಸಿಗುತ್ತಿದ್ದ ಫೆಡರಲ್) ಸಾಲ ಇಲ್ಲ. ಮೆಡಿಕಲ್‌ನಂಥ ಓದಿಗೆ ಫೆಡರಲ್ ಸಾಲ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್‌ಗೆ ಮಿತಿ. ಅಪ್ಪ ಅಮ್ಮ ತೆಗೆದುಕೊಳ್ಳುವ ಫೆಡರಲ್ ಸಾಲ ಪೇರೆಂಟ್ ಪ್ಲಸ್ ಕೂಡ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000. ಹಾಗಾಗಿ ಮೊದಲ ನಾಲ್ಕು ವರ್ಷ ಇನ್-ಸ್ಟೇಟ್ (ನಾವಿರುವ ರಾಜ್ಯದ) ಕಾಲೇಜಿನಲ್ಲಿ ಕಡಿಮೆ ಸಾಲದಲ್ಲಿ ಮುಗಿಸುವುದೇ ಜಾಣತನ ಅಂತ ನನಗನ್ನಿಸುತ್ತದೆ.

ಮೇಜರ್ ಬದಲಾಯಿಸುವ ಮಾತು ಬಂದರೆ ಮಗು ಅಡ್ವೈಸರ್ ಒಬ್ಬರನ್ನೇ ಕೇಳಿ ಸುಮ್ಮನಾಗಬಾರದು. ಫಾರ್ಮ್‌ಗೆ ಸಹಿ ಹಾಕುವ ಮೊದಲು ಏಡ್ ಆಫೀಸಿಗೂ ಹೋಗಲಿ. ಎಷ್ಟು ಕ್ರೆಡಿಟ್ ಉಳಿಯುತ್ತೆ, ಸ್ಕಾಲರ್‌ಶಿಪ್ ಮುಂದುವರಿಯುತ್ತಾ, ಯಾವ ಸೆಮಿಸ್ಟರ್‌ನಲ್ಲಿ ಡಿಗ್ರಿ ಮುಗಿಯುತ್ತೆ ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಲಿ.